ಅತ್ತೆಯ ನಶ್ಯದ ಡಬ್ಬಿ

ನಮ್ಮೂರಿನಲ್ಲಿ ಯಾರಾದರೂ ಸೀನಿದರೆ ಪಕ್ಕದಲ್ಲಿದ್ದವರು ಶಕುನ ನೋಡುವುದಿಲ್ಲ, "ಏನ ಬಂತು?" ಎಂದು ಕೇಳುತ್ತಾರೆ. ಇಲ್ಲಿ ಒಬ್ಬರು ಮರೆತದ್ದು ಹಾಳಾಗಿ ಹೋಗುವುದಿಲ್ಲ, ಹತ್ತಿರದಲ್ಲಿದ್ದ ಇನ್ನೊಬ್ಬರ ತಲೆಗೆ ಬಂದು ಬೀಳುತ್ತದೆ. ಬೀಳುವಾಗ ಒಂದು ಸೀನು, ಅಷ್ಟೇ. ಯಾಕೆ ಹೀಗೆ ಎಂದು ಪರಊರಿನ ಬೀಗರು ಕೇಳಿದರೆ ನಮ್ಮ ಹಿರಿಯರು, "ನಿಮ್ಮೂರಾಗ ನೀರು ಇಳಿಜಾರಿಗೆ ಯಾಕ ಹರೀತೈತಿ, ಅದನ್ನ ಮೊದಲ ಹೇಳ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಊರ ಗಡಿಕಲ್ಲು ದಾಟಿದರೆ ಈ ಕಾಯಿದೆ ನಡೆಯುವುದಿಲ್ಲ. ಪರಊರವರ ತಲೆಗೆ ನಮ್ಮ ಮರೆವು ಹತ್ತುವುದೂ ಇಲ್ಲ.

ಬಂದದ್ದನ್ನು ಇಟ್ಟುಕೊಳ್ಳಬಾರದು, ಇದು ನಮ್ಮ ಪದ್ಧತಿ. ಸಂಜೆ ಬೇವಿನಕಟ್ಟೆಗೆ ಹೋಗಿ ನಿಂತು, "ಯಾರದೋ ಟ್ರಂಕಿನ ಕೀಲಿ ಅಕ್ಕಿ ಡಬ್ಬಿಯೊಳಗ ಐತಿ, ಯಾರದವ್ವಾ?" ಎನ್ನಬೇಕು. "ಅಯ್ಯ, ನಂದು ಕೊಡ್ರಿ" ಎಂದು ಯಾರೋ ಏಳುತ್ತಾರೆ. ಮರೆತವರ ಕಿವಿಗೆ ಬಿದ್ದರೆ ಸಾಕು, ಅದು ತನ್ನ ಮನೆಗೆ ಹೋಯಿತು. ತಂದುಕೊಟ್ಟವರ ಬಾಯಿಗೆ ಒಂದು ಚೂರು ಬೆಲ್ಲ. ಹತ್ತು ಜನರ ಮುಂದೆ ಹೇಳಲಾಗದ್ದಾದರೆ ಮನೆಗೇ ಹೋಗಿ ಕಿವಿಯಲ್ಲಿ ಹೇಳಬೇಕು. ಒಮ್ಮೆ ನನ್ನ ಗಂಡ ಮಲ್ಲೇಶಿ ನಮ್ಮ ಲಗ್ನದ ದಿನವನ್ನು ಮರೆತ. ಅದು ಎದುರುಮನೆಯ ಹಾಲಪ್ಪ ಮಾಸ್ತರರಿಗೆ ಬಂತು. ಆ ಸಾಧು ಮನುಷ್ಯ ಹಲ್ಲುಜ್ಜುತ್ತಿದ್ದವರು ಹಾಗೇ ನಮ್ಮ ಅಂಗಳಕ್ಕೆ ಬಂದು, "ಏ ಮಲ್ಲೇಶಿ, ಇವತ್ತು ನಿನ್ನ ಲಗ್ನ ಆದ ದಿನ ಅಂತಪ್ಪಾ" ಎಂದು ಕೂಗಿ ಹೋದರು. ಅಂದು ನನ್ನ ಗಂಡನಿಗೆ ಸಿಕ್ಕಿದ್ದು ಉಪ್ಪಿಲ್ಲದ ಸಾರು.

ನಾನು ನೀಲಗಂಗಾ. ಊರ ಹೆಣ್ಣುಮಕ್ಕಳ ಜಂಪರು ಹೊಲಿಯುವವಳು. ಒಮ್ಮೆ ಟೇಪು ಹಿಡಿದರೆ ಮುಗಿಯಿತು, ಆ ಮೈ ನನ್ನ ತಲೆಯಲ್ಲಿ ಇರುತ್ತಿತ್ತು. ಬರೆದಿಟ್ಟುಕೋ ಎಂದವರಿಗೆ, "ಅಂಕಿ ಬರೀಬಹುದು, ಮೈ ಬರಿಯಾಕ ಬರ್ತೈತೇನು?" ಎನ್ನುತ್ತಿದ್ದೆ. ಕಾಳಿನ ಅಂಗಡಿಯ ಕಸ್ತೂರೆವ್ವನಿಗೆ ಚೀಲ ಹೊತ್ತು ಹೊತ್ತು ಎಡಭುಜ ಚೂರು ಇಳಿದಿದೆ. ಮಾಸ್ತರರ ಹೆಂಡತಿಗೆ ಕಂಕುಳಲ್ಲಿ ಸಡಿಲ ಬೇಕು, ಕೊರಳಲ್ಲಿ ಬಿಗಿ ಬೇಕು, ಆದರೆ ಬಿಗಿ ಇದೆ ಎಂದು ಆಕೆಗೆ ತಿಳಿಯಬಾರದು. ಇದನ್ನೆಲ್ಲ ಯಾವ ಅಂಕಿಯಲ್ಲಿ ಬರೆಯುವುದು? ಜಂಭ ಎನ್ನುವಿರಾದರೆ ಎನ್ನಿರಿ, ಇತ್ತು. ಕೈಯಲ್ಲಿ ಕಸುಬಿದ್ದವಳಿಗೆ ಅಷ್ಟೂ ಜಂಭ ಬೇಡವೇ?

ಇಡೀ ಊರಿನ ಎದೆಯ ಅಳತೆ ತೆಗೆದವಳಿಗೆ ತನ್ನ ಎದೆಯ ಗಂಟು ಮಾತ್ರ ತಡವಾಗಿ ಕೈಗೆ ಸಿಕ್ಕಿತು. ಶಹರದ ದೊಡ್ಡಾಸ್ಪತ್ರೆಯಲ್ಲಿ ಒಂದು ಬದಿ ತೆಗೆದರು, ಆಮೇಲೆ ಕೀಮೋ ಕೊಟ್ಟರು. ನನ್ನ ಅತ್ತೆ ಗುರುಸಿದ್ಧವ್ವ ಜೊತೆಗೆ ಬಂದು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಉಳಿದರು. ಅನ್ನ ಕಂಡರೆ ವಾಂತಿ ಬರುತ್ತಿತ್ತು. ಅತ್ತೆ ಮಜ್ಜಿಗೆಯಲ್ಲಿ ರೊಟ್ಟಿ ಕಿವುಚಿ ಬೆರಳಿನಿಂದ ನೆಕ್ಕಿಸುತ್ತಿದ್ದರು. ತಲೆಗೂದಲು ಹೋಯಿತು, ಹುಬ್ಬೂ ಹೋಯಿತು, ಜೀವ ಉಳಿಯಿತು. ಊರಿಗೆ ಬಂದು ಒಂದು ಪುಟ್ಟ ಚೀಲ ಹೊಲಿದು ಅದರೊಳಗೆ ಸಾಸಿವೆ ತುಂಬಿ, ಖಾಲಿ ಬದಿಗೆ ಇಟ್ಟುಕೊಂಡು ಜಂಪರು ಹಾಕಿಕೊಂಡೆ. ಕನ್ನಡಿಯ ಮುಂದೆ ನಿಂತಾಗ, ಪರವಾಗಿಲ್ಲ, ದರ್ಜಿಯ ಮರ್ಯಾದೆ ಉಳಿಯಿತು ಎನಿಸಿತು.

ಆದರೆ ತಲೆ ನನ್ನದಾಗಿ ಉಳಿದಿರಲಿಲ್ಲ. ಒಳಗೆ ಯಾರೋ ಹತ್ತಿ ತುರುಕಿದ ಹಾಗೆ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಕತ್ತರಿ ಹುಡುಕುತ್ತಿದ್ದೆ. ಮಾತಾಡುತ್ತ ಮಾತಾಡುತ್ತ ಬೇಕಾದ ಶಬ್ದ ಬಾಯಿಗೆ ಬಾರದೆ, "ಅದು... ಅದರೀ... ಬಟ್ಟೀಗೆ ಹಾಕತಾರಲ್ಲ, ದುಂಡಗ" ಎಂದು ಬೆರಳು ತಿರುಗಿಸಿದರೆ, ಗಿರಾಕಿ ಪಾಪ, "ಗುಂಡೀನಾ?" ಎನ್ನುವಳು. ತೋಳು ಕತ್ತರಿಸಲು ಕುಳಿತರೆ ಯಾರ ತೋಳು ಎಂಬುದೇ ಹಾರಿಹೋಗಿರುತ್ತಿತ್ತು.

ಇತ್ತ ಅತ್ತೆಯೂ ಜಾರತೊಡಗಿದ್ದರು. ಅದು ನನ್ನ ಬೇನೆಗಿಂತ ಮೊದಲೇ ಶುರುವಾಗಿತ್ತು, ಆಸ್ಪತ್ರೆಯ ಗಡಿಬಿಡಿಯಲ್ಲಿ ನಾವು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಸಾರಿಗೆ ಉಪ್ಪು ಹಾಕಿ ಮತ್ತೆ ಉಪ್ಪು ಹಾಕುವರು. ರೊಟ್ಟಿ ತಿಂದು ಕೈ ತೊಳೆದು, "ಈ ಮನ್ಯಾಗ ಇವತ್ತ ಒಲಿ ಹಚ್ಚಂಗಿಲ್ಲೇನು?" ಎಂದು ಕೇಳುವರು. ಅವರು ಮರೆತದ್ದು ಓಣಿಯವರಿಗೆ ಬರುತ್ತಿತ್ತು. ನಮ್ಮ ಓಣಿ ಸೀನಿದಷ್ಟು ಬೇರೆ ಯಾವ ಓಣಿಯೂ ಸೀನುತ್ತಿರಲಿಲ್ಲ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ತಂದುಕೊಟ್ಟರು, ಬೆಲ್ಲ ತಿಂದರು. ಆದರೆ ನಾನು ಅತ್ತೆಯ ಮುಖ ನೋಡುವುದು, ಹಾಗೇ ನನ್ನನ್ನು ನೋಡಿಕೊಳ್ಳುವುದು. ನಾನೂ ಇದೇ ದಾರಿ ಹಿಡಿದೆನೇ? ಅತ್ತೆ ಎಪ್ಪತ್ತು ದಾಟಿ ಹೊರಟರು, ನಾನು ನಲವತ್ತೈದಕ್ಕೇ ಹೊರಟೆನೇ? ಈ ಭಯವನ್ನು ನಾನು ಯಾರಿಗೂ ಹೇಳಲಿಲ್ಲ. ಮರೆಯಲೂ ಇಲ್ಲ, ಮರೆತಿದ್ದರೆ ಯಾರಿಗಾದರೂ ಬಂದು ಗೊತ್ತಾಗುತ್ತಿತ್ತು.

ಆಮೇಲೆ ಆ ಫಜೀತಿ ನಡೆಯಿತು. ಒಂದು ಸಂಜೆ ಬೇವಿನಕಟ್ಟೆಯಲ್ಲಿ ಊರೆಲ್ಲ ಕೂತಿದೆ, ಹಾಲಪ್ಪ ಮಾಸ್ತರರು ಜೋರಾಗಿ ಸೀನಿದರು. "ಏನ ಬಂತ್ರಿ ಮಾಸ್ತರ?" ಎಂದರು ಎಲ್ಲರೂ. ಮಾಸ್ತರರ ಮುಖ ಕೆಂಪಗಾಯಿತು. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ಮನುಷ್ಯ, ಧೋತರದ ಚುಂಗು ಹಿಡಿದು ಎದ್ದು ನಿಂತು ಮತ್ತೆ ಕೂತರು.

"ನಾ ಹೇಳಂಗಿಲ್ಲ," ಎಂದರು.

"ಪದ್ಧತಿ ಐತಲ್ರಿ ಮಾಸ್ತರ, ಹೇಳಾಕ ಬೇಕು!"

ಮಾಸ್ತರರು ಕಣ್ಣು ಮುಚ್ಚಿಕೊಂಡು, "ಒಂದು ಅಳತಿ ಬಂದೈತಿ. ಹೆಣ್ಣುಮಕ್ಕಳ ಅಳತಿ. ಎಡಭುಜ ಇಳಿದೈತಿ ಅಂತೂ ಬಂದೈತಿ. ಮುಂದಿಂದು ನನ್ನ ಕಡಿದರೂ ಹೇಳಂಗಿಲ್ಲ," ಎಂದರು.

ಮೊದಲು ನಗು ಎದ್ದಿತು. ನಗು ಇಳಿಯುವ ಹೊತ್ತಿಗೆ ಎಲ್ಲ ಹೆಂಗಸರಿಗೂ ಅದು ಎಲ್ಲಿಂದ ಬಿತ್ತು ಎಂಬುದು ಹೊಳೆದಿತ್ತು. ಒಬ್ಬೊಬ್ಬರೂ ಸೆರಗು ಬಿಗಿ ಹೊದ್ದುಕೊಂಡರು. ಕಸ್ತೂರೆವ್ವ ಎದ್ದು ನನ್ನ ಮುಂದೆ ಬಂದು ನಿಂತು, "ನೀಲಾ, ಸಿಟ್ಟಿಲ್ಲವ್ವ ನಿನ್ನ ಮ್ಯಾಲ. ಬ್ಯಾನಿ ಬಿದ್ದಾಕಿ ನೀ. ಆದ್ರ ನನ್ನ ಮೈ ಊರ ಗಂಡಸರ ತಲ್ಯಾಗ ತಿರಗೂದು ಬ್ಯಾಡ," ಎಂದಳು. ಮಾಸ್ತರರ ಹೆಂಡತಿ ಮರುದಿನ ಬಂದು ಗಂಡ ಹೇಳಿಕಳಿಸಿದ ಅಳತೆಯನ್ನು ನನ್ನ ಕಿವಿಯಲ್ಲಿ ಹೇಳಿ, ಬೆಲ್ಲವನ್ನೂ ತಿನ್ನದೆ ಹೋದರು. ಆ ವಾರ ಒಂದೂ ಬಟ್ಟೆ ಬರಲಿಲ್ಲ. ನಾನು ಮಷೀನಿನ ಮೇಲೆ ಚಾದರ ಹೊದಿಸಿದೆ. ಮಲ್ಲೇಶಿ ವಿದ್ಯುತ್ ಕಂಬ ಹತ್ತುವ ಲೈನ್‌ಮನ್, ಮಾತು ಕಡಿಮೆ. "ಆರಾಮ ಮಾಡು, ಸಾಕು ಹೊಲಿದದ್ದು" ಎಂದ. ಆರಾಮವಂತೆ! ಹೊಲಿಯದ ನೀಲಗಂಗಾ ಮನೆಯಲ್ಲಿ ಕೂತು ಏನು ಮಾಡಬೇಕು, ನೊಣ ಹೊಡೆಯಬೇಕೆ?

ಚಾದರ ತೆಗೆದದ್ದು ಅತ್ತೆ. ಒಂದು ಬೆಳಿಗ್ಗೆ ನೋಡುತ್ತೇನೆ, ಮಷೀನಿನ ಪಕ್ಕ ಮಣೆ ಹಾಕಿಕೊಂಡು, ಸೊಂಟಕ್ಕೆ ಒಂದು ತಗಡಿನ ಡಬ್ಬಿ ಸಿಕ್ಕಿಸಿಕೊಂಡು ಕೂತಿದ್ದಾರೆ. "ಏನ್ರಿ ಅತ್ತೀ ಇದು?" ಎಂದೆ. "ನಶ್ಯ," ಎಂದರು. ಕೇಳಿ ದಂಗಾದೆ. ನನ್ನ ಮಾವ ಬದುಕಿದ್ದಾಗ ಅವರ ನಶ್ಯದ ಡಬ್ಬಿಯನ್ನು ತಿಪ್ಪೆಗೆ ಎಸೆದವರು ಇವರೇ. "ಈ ವಯಸ್ಸಿನ್ಯಾಗ ಎಂಥಾ ಚಟಾ ರೀ ಇದು?" ಎಂದರೆ, "ಮುದುಕಿಗೆ ಒಂದಾದ್ರೂ ಚಟ ಬ್ಯಾಡೇನು? ನೀ ಹೊಲಿ, ಸುಮ್ಮ ಕುಂತ್ರ ಕೈ ತುಕ್ಕು ಹಿಡಿತೈತಿ," ಎಂದು ಗದರಿದರು. ಕಸ್ತೂರೆವ್ವನ ಅಂಗಡಿಗೆ ಹೋಗಿ ಏನು ಹೇಳಿದ್ದರೋ, ಅವಳು ಮಗಳ ಜಂಪರಿನ ಬಟ್ಟೆ ಕಳಿಸಿದಳು. ಮೆಲ್ಲಗೆ ಇನ್ನೊಬ್ಬರು, ಮತ್ತೊಬ್ಬರು. ಮಷೀನು ಮತ್ತೆ ಸದ್ದು ಮಾಡತೊಡಗಿತು.

ಆದರೆ ಅತ್ತೆಯ ಜೊತೆ ಹೊಲಿಯುವುದೆಂದರೆ ತಲೆ ಚಿಟ್ಟುಹಿಡಿಯುವ ಕೆಲಸ. ಡಬ್ಬಿಯ ಹತ್ತಿರ ಬೆರಳು ಒಯ್ಯುವುದು, ಮೂಗಿಗೆ ಹಿಡಿಯುವುದು, ಸೀನುವುದು. ಸೀನಿ ಮೂಗು ಒರೆಸಿಕೊಳ್ಳುವ ಮೊದಲೇ ನನ್ನ ಮೇಲೆ ಬೀಳುವುದು. "ಕಂಕುಳಾಗ ಸಡ್ಲ ಬಿಡು, ಆ ಮಾಸ್ತರ ಹೆಂಡತಿ ಸುಮ್ಮನ ಬಿಡ್ತಾಳೇನು?" "ಅದು ಹಾಲುಣಿಸೋ ಬಾಣಂತಿದು, ಹುಕ್ಕು ಮುಂದ ಬರಬೇಕು, ಕಣ್ಣು ಎಲ್ಲೈತಿ ನಿಂದು?" ಜೀವಮಾನದಲ್ಲಿ ಸೂಜಿಗೆ ದಾರ ಪೋಣಿಸಿದವರಲ್ಲ ಅವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅತ್ತೀ, ಹೊಲಿಗಿ ನನಗ ಗೊತ್ತೋ ನಿಮಗ ಗೊತ್ತೋ?" ಎಂದು ನಾನೂ ಸಿಡುಕುತ್ತಿದ್ದೆ. ಅವರು ಹೇಳಿದ ಮೇಲೆ ನನಗೆ ಎಲ್ಲ ನಿಚ್ಚಳವಾಗಿ ನೆನಪಾಗಿಬಿಡುತ್ತಿತ್ತು. ನನಗೇ ನೆನಪಾಗುತ್ತಿತ್ತು, ಮುದುಕಿ ಅಷ್ಟರಲ್ಲಿ ಬಾಯಿ ಹಾಕಿತು ಎಂದು ನಾನು ತಿಳಿದಿದ್ದೆ.

ಆ ಸಮಯದಲ್ಲೇ ಡಾಕ್ಟರ್ ಸುಮೇಧಾ ಬಂದರು. ದೊಡ್ಡಾಸ್ಪತ್ರೆಯಿಂದಲೇ ಬಂದದ್ದು, ಮರೆಗುಳಿ ರೋಗದವರನ್ನೂ, ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ತಲೆ ಮಂಕಾಯಿತು ಎನ್ನುವವರನ್ನೂ ಅಕ್ಕಪಕ್ಕ ಇಟ್ಟು ನೋಡುವ ಸಂಶೋಧನೆ ಅವರದು. ಒಂದೇ ಮನೆಯಲ್ಲಿ ಎರಡೂ ಇವೆ ಎಂದು ಯಾರೋ ಹೇಳಿದ್ದರಂತೆ. ಸಣ್ಣ ಹುಡುಗಿಯ ಹಾಗೆ ಇದ್ದರು, ಜಂಪರಿನ ಬೆನ್ನನ್ನು ಯಾರೋ ಕೆಟ್ಟದಾಗಿ ಹೊಲಿದಿದ್ದರು, ಮಾತು ಮಾತ್ರ ಬೆಣ್ಣೆ. ಶಾಲೆಯ ಒಂದು ಕೋಣೆಯಲ್ಲಿ ಕುರ್ಚಿ ಹಾಕಿಸಿ ನಮ್ಮನ್ನು ಕರೆದರು.

ಅತ್ತೆಯದು ಮೊದಲು. ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ಐದು ಶಬ್ದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆಮೇಲೆ ಆ ಐದು ಶಬ್ದ ಕೇಳುವುದು ಪರೀಕ್ಷೆ. ಹೊರಗೆ ಕೂತಿದ್ದ ನನಗೆ ಒಂದರ ಹಿಂದೆ ಒಂದು ಸೀನು. ಕೊಡೆ, ಹುಣಸೆ, ನವಿಲು, ಗಂಟೆ, ಬೆಂಕಿಪೆಟ್ಟಿಗೆ. ಪದ್ಧತಿ ಬಿಡುವುದುಂಟೇ? ಬಾಗಿಲು ತೆರೆದು, "ಅತ್ತೀ, ನಿಮ್ಮವು ನನ್ನ ಹಂತ್ಯಾಕ ಬಂದಾವ," ಎಂದು ಐದನ್ನೂ ಹೇಳಿಬಿಟ್ಟೆ. ಅತ್ತೆ ಡಾಕ್ಟರರ ಕಡೆ ತಿರುಗಿ ಐದನ್ನೂ ಪಟಪಟನೆ ಒಪ್ಪಿಸಿ, ಸೊಂಟದ ಗಂಟಿನಿಂದ ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿದರು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನೀವು ಹೇಳಿಕೊಡಬಾರದಮ್ಮ. ಇದು ಪರೀಕ್ಷೆ."

"ನಾ ಹೇಳಿಕೊಡಲಿಲ್ರಿ, ತಂದುಕೊಟ್ಟೆ."

ನನ್ನ ಸರದಿ ಬಂದಾಗ ಅತ್ತೆಯನ್ನು ಮಲ್ಲೇಶಿಯ ಜೊತೆ ಮನೆಗೇ ಕಳಿಸಿದರು. ನನಗೆ ಬೇರೆ ಐದು ಶಬ್ದ. ಮೂರು ಸಿಕ್ಕವು, ಎರಡು ಎಲ್ಲೋ ಹೋದವು. ಅಷ್ಟರಲ್ಲಿ ಕಿಟಕಿಯ ಹೊರಗೆ ಭಾರೀ ಸೀನೊಂದು ಕೇಳಿಸಿತು. ನೋಡಿದರೆ ಹಾಲಪ್ಪ ಮಾಸ್ತರರು. "ನೀಲಗಂಗಾ, ಕುದುರಿ ಮತ್ತ ಸಾಬಾಣ! ಈ ಸಲ ಮರ್ಯಾದಸ್ತ ಬಂದಾವವ್ವ!" ಎಂದು ಸಂತೋಷದಿಂದ ಕೂಗಿದರು. ಡಾಕ್ಟರ್ ತಮ್ಮ ಕಾಗದದಲ್ಲಿ, ಈ ಊರಿನಲ್ಲಿ ಧೂಳಿನ ಅಲರ್ಜಿ ಹೆಚ್ಚು ಎಂದು ಬರೆದುಕೊಂಡರು.

ಆದರೆ ಹುಡುಗಿ ಜಾಣೆ. ನಮ್ಮನ್ನು ತಡೆಯುವುದು ಬಿಟ್ಟು, ತಂದುಕೊಟ್ಟ ಮೇಲೆ ಏನಾಗುತ್ತದೆ ಎಂದು ನೋಡತೊಡಗಿದರು. ವಾರವಿಡೀ ಶಾಲೆಯಲ್ಲೇ ಉಳಿದರು. ನನಗೆ ತಂದುಕೊಟ್ಟ ಕುದುರೆ ಮತ್ತು ಸಾಬೂನು ಮರುದಿನವೂ ಇದ್ದವು, ಡಾಕ್ಟರ್ ಹೊರಡುವ ದಿನವೂ ಇದ್ದವು. ಅತ್ತೆಗೆ ತಂದುಕೊಟ್ಟದ್ದು ಚಹಾ ಕುಡಿಯುವಷ್ಟರಲ್ಲಿ ಜಾರಿ ನನ್ನ ಮೂಗಿಗೆ ಬರುತ್ತಿತ್ತು. ಕೊಡೆ, ಹುಣಸೆ, ನವಿಲು. ಮತ್ತೆ ಕೊಟ್ಟೆ. ಮತ್ತೆ ಬಂತು.

ಹೊರಡುವ ದಿನ ಡಾಕ್ಟರ್ ನಮ್ಮ ಮನೆಗೆ ಬಂದರು. ಅತ್ತೆ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ನಾನು ಬಹಳ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. "ಖರೇ ಹೇಳ್ರಿ ಡಾಕ್ಟರ್. ನಾನೂ ನಮ್ಮತ್ತಿ ಹಂಗ ಆಗ್ತೀನೇನು?"

ಅವರು ನನ್ನ ಮಷೀನಿನ ಮೇಲಿದ್ದ ದಾರದ ಉಂಡೆ ಕೈಗೆ ತಗೊಂಡರು. "ನಿಮ್ಮ ದಾರ ಉಂಡೆಯಲ್ಲೇ ಇದೆಯಮ್ಮ. ಸೂಜಿಗೆ ಪೋಣಿಸುವುದು ನಿಧಾನ ಆಗಿದೆ. ಯಾರಾದರೂ ತುದಿ ತೋರಿಸಿದರೆ ಬರುತ್ತೆ, ಬಂದದ್ದು ಉಳಿಯುತ್ತೆ. ಕೀಮೋ ಆದ ಎಷ್ಟೋ ಜನರಿಗೆ ಹೀಗಾಗುತ್ತೆ, ಬಹಳಷ್ಟು ಜನರಿಗೆ ಮೆಲ್ಲಗೆ ಸುಧಾರಿಸುತ್ತೆ. ಕೆಲವರಿಗೆ ಸ್ವಲ್ಪ ಉಳಿದುಕೊಳ್ಳುತ್ತೆ. ಪೂರ್ತಿ ಉತ್ತರ ನಮಗಿನ್ನೂ ಗೊತ್ತಿಲ್ಲ, ಅದಕ್ಕೇ ಈ ಸಂಶೋಧನೆ. ಆದರೆ ನಿಮ್ಮ ಅತ್ತೆಯದು ಬೇರೆ ಕಾಯಿಲೆ. ಅವರಲ್ಲಿ ಹೊಸ ದಾರ ಉಂಡೆಗೆ ಸುತ್ತಿಕೊಳ್ಳುತ್ತಲೇ ಇಲ್ಲ."

"ಅಂದ್ರ ಅವರಿಗೆ..."

"ನಿಧಾನವಾಗಿ ಹೆಚ್ಚಾಗುತ್ತೆ. ಜೊತೆಗಿರಿ. ನೀವು ಹೊಲಿಯುವುದನ್ನು ಮಾತ್ರ ನಿಲ್ಲಿಸಬೇಡಿ."

ನಾನು ಅತ್ತುಬಿಟ್ಟೆ, ಹಾಗೆ ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ನನಗಾಗಿ ಹಗುರಾಗಿ ಅತ್ತೆ, ಅತ್ತೆಗಾಗಿ ಭಾರವಾಗಿ ಅತ್ತೆ. ಎರಡೂ ಒಂದೇ ಸೆರಗಿನಲ್ಲಿ ಒರೆಸಿಕೊಂಡೆ. ಆಮೇಲೆ ಡಾಕ್ಟರನ್ನು ನಿಲ್ಲಿಸಿ ಬೆನ್ನಿನ ಅಳತೆ ತೆಗೆದೆ. ಅಂಥ ಜಂಪರು ಹಾಕಿಕೊಂಡು ಊರೂರು ತಿರುಗುವುದು ನನಗೆ ನೋಡಲಾಗಲಿಲ್ಲ.

ಮಳೆಗಾಲ ಹೋಗಿ ಚಳಿ ಬಂತು. ನನ್ನ ಕೈ ಕುದುರಿತು. ಅತ್ತೆಯ ಸೀನು ದಿನದಿನಕ್ಕೆ ಕಡಿಮೆಯಾಯಿತು. ಚಟ ಬಿಡುತ್ತಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಅವರ ಬೈಗುಳವೂ ಕಡಿಮೆಯಾಯಿತು. ಸುಮ್ಮನೆ ಮಣೆಯ ಮೇಲೆ ಕೂತು ಬಟ್ಟೆಯ ಚೂರುಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದರು. ಮೊದಲು ಬೀಗರ ಊರು ಮರೆತರು, ಆಮೇಲೆ ಬೀಗರನ್ನೇ ಮರೆತರು, ಆಮೇಲೆ ಮಾವ ತೀರಿಹೋದದ್ದನ್ನು ಮರೆತು ಅವರಿಗೆಂದು ರೊಟ್ಟಿ ಎತ್ತಿಡತೊಡಗಿದರು.

ಒಂದು ಬೆಳಿಗ್ಗೆ ಚಹಾ ಕೊಡಲು ಹೋದೆ. ಅತ್ತೆ ಬಟ್ಟಲು ತಗೊಂಡು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. "ಯಾರ ಪೈಕಿ ಅವ್ವಾ ನೀನು? ನಮ್ಮ ಮನ್ಯಾಗ ದುಡಿಯಾಕತ್ತೀಯಲ್ಲ ಪಾಪ," ಎಂದರು.

ನನಗೆ ಸೀನು ಬಂತು. ಅಂಥ ಸೀನು ನನಗೆ ಹಿಂದೆಂದೂ ಬಂದಿರಲಿಲ್ಲ, ಗೋಡೆ ಹಿಡಿದು ನಿಂತೆ.

ಬಂದದ್ದು ನಾನೇ. ಅತ್ತೆಯ ಕಣ್ಣಿನಲ್ಲಿದ್ದ ನೀಲಗಂಗಾ, ಇಡಿಯಾಗಿ ಬಂದಳು. ಸೇರು ಒದ್ದು ಒಳಗೆ ಬರುವ ಹುಡುಗಿ, ಗದ್ದ ಮೇಲೆತ್ತಿದ್ದಾಳೆ, ಹೆದರಿಕೆ ಮುಚ್ಚಿಕೊಳ್ಳಲು ಮುಖ ಗಂಟಿಕ್ಕಿದ್ದಾಳೆ. ಬಂದ ವಾರದಲ್ಲೇ ಅತ್ತೆಯ ಲಗ್ನದ ಇಳಕಲ್ ಸೀರೆಯನ್ನು ಹಳೆಯದೆಂದು ತಿಳಿದು ಕತ್ತರಿಸಿ ದಿಂಬಿನ ಚೀಲ ಹೊಲಿದಿದ್ದಾಳೆ. ನಾನು ಆ ದಿನ ಅತ್ತೆಯ ಮೌನವನ್ನು ಸಿಟ್ಟೆಂದು ತಿಳಿದಿದ್ದೆ. ಅವರು ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಹೊಲಿಗೆ ಎಷ್ಟು ನೇರ ಇದೆ ಎಂದು ದಿಂಬನ್ನು ತಿರುವಿ ತಿರುವಿ ನೋಡಿದ್ದರು. ಆಮೇಲೆ ಆಸ್ಪತ್ರೆ. ಬೋಳುತಲೆಯ ನಾನು ನಿದ್ದೆಯಲ್ಲಿದ್ದೇನೆ, ಅತ್ತೆಯ ಅಂಗೈ ನನ್ನ ತಲೆಯ ಮೇಲಿದೆ. ನನ್ನ ತಲೆ ಎಷ್ಟು ಬೆಚ್ಚಗಿತ್ತು ಎಂಬುದು ಅವರ ಅಂಗೈಯಿಂದ ನನಗೆ ತಿಳಿಯಿತು.

ಆಮೇಲೆ ಬೇವಿನಕಟ್ಟೆಯ ಸಂಜೆ. ಮಾಸ್ತರರು ಕಣ್ಣು ಮುಚ್ಚಿಕೊಂಡಿದ್ದಾರೆ, ಹೆಂಗಸರು ಸೆರಗು ಹೊದ್ದುಕೊಳ್ಳುತ್ತಿದ್ದಾರೆ, ನಾನು ತಲೆ ತಗ್ಗಿಸಿ ನಿಂತಿದ್ದೇನೆ. ಅತ್ತೆ ಮನಸ್ಸಿನಲ್ಲಿ ಅನ್ನುತ್ತಾರೆ: 'ಈ ಹುಡುಗಿ ಕತ್ತರಿ ಬಿಟ್ಟಳಂದ್ರ ಜೀವಾನ ಬಿಟ್ಟಂಗ. ಬೀಳೂದು ಬೀಳಲಿ, ನನ್ನ ಉಡ್ಯಾಗ ಬೀಳಲಿ. ಆಕಿಗೆ ತಿಳೀಬಾರದು. ತಿಳಿದ್ರ ನಾಚಿ ಸಾಯ್ತಾಳ.' ನಾನು ಮಷೀನಿಗೆ ಚಾದರ ಹೊದಿಸಿದ ಮೇಲೆ ಕಸ್ತೂರೆವ್ವನ ಅಂಗಡಿಗೆ ಹೋಗಿ, ನಾನು ಪಕ್ಕದಲ್ಲೇ ಕೂತಿರುತ್ತೇನೆ, ನಿನ್ನ ಅಳತೆ ನನ್ನ ಬಿಟ್ಟು ಎಲ್ಲಿಗೂ ಹೋಗದು ಎಂದು ಮಾತು ಕೊಡುತ್ತಾರೆ. ಅಲ್ಲೇ ಒಂದು ನಶ್ಯದ ಡಬ್ಬಿ ಕೇಳುತ್ತಾರೆ. ಸೀನಿಗೊಂದು ನೆಪ ಬೇಕಲ್ಲ.

ಆಮೇಲೆ ಬಂದದ್ದೆಲ್ಲ ಆ ಮಣೆಯ ಮೇಲಿನ ದಿನಗಳು. ಒಂದೊಂದು ಸೀನಿಗೂ ನನ್ನ ಒಂದೊಂದು ಅಳತೆ ಅವರ ತಲೆಗೆ. ತನ್ನ ತಲೆ ತೂತು ಬಿದ್ದ ಕೊಡ ಎಂದು ಅವರಿಗೆ ಗೊತ್ತಿತ್ತು. ಸೋರುವ ಮೊದಲು ನನಗೆ ಮುಟ್ಟಿಸಬೇಕೆಂದೇ ಮೂಗು ಒರೆಸಿಕೊಳ್ಳಲೂ ನಿಲ್ಲದೆ ಬೈಯುತ್ತಿದ್ದರು. ಬೈಗುಳದಲ್ಲಿ ಇಟ್ಟು ಕೊಟ್ಟರೆ ನಾನು ಅನುಮಾನ ಪಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ತಿಳಿದುಕೊಂಡಿದ್ದರು ನನ್ನನ್ನು! ಬೆಲ್ಲ ತಿನ್ನುವ ಹಕ್ಕು ಅವರದಾಗಿತ್ತು, ಒಂದು ಸಲವೂ ಕೇಳಲಿಲ್ಲ.

ನಾನು ಅವರ ಸೊಂಟದಿಂದ ಡಬ್ಬಿ ಬಿಡಿಸಿಕೊಂಡೆ. ಅವರು ಬೇಡ ಎನ್ನಲಿಲ್ಲ, ಅದು ಏನು ಎಂದೂ ಅವರಿಗೆ ಗೊತ್ತಿರಲಿಲ್ಲ. ಮುಚ್ಚಳದ ಸುತ್ತ ಅಂಗಡಿಯವರು ಅಂಟಿಸಿದ ಕಾಗದದ ಪಟ್ಟಿ ಹಾಗೇ ಇತ್ತು. ಸವೆದು ಹಳದಿಯಾಗಿತ್ತು, ಹರಿದಿರಲಿಲ್ಲ.

ಡಾಕ್ಟರ್ ಸುಮೇಧಾ ಮತ್ತೆ ಬಂದಾಗ ಎಲ್ಲ ಹೇಳಿ, "ನಂದು ಹೊತ್ತು ಹೊತ್ತು ಅವರಿಗೆ ಹಿಂಗಾತೇನ್ರಿ? ನಂದ ತುಂಬಿ ಅವರದು ಹೊರಗ ಚೆಲ್ಲಿತೇನು?" ಎಂದು ಕೇಳಿದೆ. ಈ ಪ್ರಶ್ನೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

"ಇಲ್ಲಮ್ಮ," ಎಂದರು ಅವರು, ಒಂದು ಕ್ಷಣವೂ ಯೋಚಿಸದೆ. "ಆ ಕಾಯಿಲೆ ಮೊದಲೇ ಶುರುವಾಗಿತ್ತು. ಇನ್ನೊಬ್ಬರ ಭಾರ ಹೊತ್ತರೆ ಬರುವಂಥದ್ದಲ್ಲ ಅದು. ಯಾರಿಗೋ ಬೇಕಾಗಿ ಪಕ್ಕದಲ್ಲಿ ಕೂತಿದ್ದರಲ್ಲ, ಅದರಿಂದ ಅವರಿಗೆ ಕೆಡುಕಾಗಿರಲಾರದು." ಅವರು ನಾನು ಹೊಲಿದುಕೊಟ್ಟ ಜಂಪರು ಹಾಕಿಕೊಂಡು ಬಂದಿದ್ದರು, ಬೆನ್ನು ಲಕ್ಷಣವಾಗಿ ಕೂತಿತ್ತು. ಅಲರ್ಜಿ ಎಂದು ಬರೆದದ್ದನ್ನು ಹೊಡೆದುಹಾಕಿದೆ ಎಂದರು. ಅದರ ಬದಲು ಏನು ಬರೆದಿರಿ ಎಂದು ಕೇಳಿದ್ದಕ್ಕೆ, "ಈ ಊರಿನಲ್ಲಿ ಯಾರೂ ಒಬ್ಬರೇ ಮರೆಯುವುದಿಲ್ಲ ಅಂತ. ನಮ್ಮ ಸಾಹೇಬರು ಒಪ್ಪುತ್ತಾರೋ ಇಲ್ಲವೋ," ಎಂದು ನಕ್ಕರು. ಈಗ ಆಸ್ಪತ್ರೆಯಿಂದ ಎದೆ ತೆಗೆಸಿಕೊಂಡವರನ್ನು ನನ್ನ ಹತ್ತಿರ ಕಳಿಸುತ್ತಾರೆ, ಸಾಸಿವೆ ಚೀಲದ ಜಂಪರು ಹೊಲಿಸಿಕೊಳ್ಳಲು. ತಲೆ ಮಂಕಾಗಿದೆ ಎಂದು ಅವರು ಅತ್ತರೆ ನಾನು ದಾರದ ಉಂಡೆ ತೋರಿಸುತ್ತೇನೆ.

ಅತ್ತೆಯ ಮಣೆ ಅಲ್ಲೇ ಇದೆ. ಬಂದದ್ದನ್ನು ಇಟ್ಟುಕೊಳ್ಳಬಾರದು, ಪದ್ಧತಿ. ಆದ್ದರಿಂದ ದಿನಾ ಬೆಳಿಗ್ಗೆ ಅವರ ಮುಂದೆ ಕೂತು, "ಅತ್ತೀ, ನಿಮ್ಮದೊಂದು ನನ್ನ ಹಂತ್ಯಾಕ ಬಂದೈತ್ರಿ," ಎನ್ನುತ್ತೇನೆ. "ನಂದಾ? ಏನವ್ವಾ?" "ನಾನು ನೀಲಗಂಗಾ. ನಿಮ್ಮ ಸೊಸಿ. ನಿಮ್ಮ ಲಗ್ನದ ಸೀರಿ ಕತ್ತರಿಸಿದಾಕಿ." ಆಗ ಅವರ ಮುಖ ಬಿಚ್ಚಿಕೊಳ್ಳುತ್ತದೆ. "ಏ ನೀಲಾ! ಚಹಾ ಕುಡಿದ್ಯೇನ?" ಎಂದು ಗಲ್ಲ ಹಿಡಿದು, ಸೊಂಟದ ಗಂಟು ತಡಕಿ ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕುತ್ತಾರೆ. ಹೆಸರು ಹೋದರೂ, ಗಂಡ ಸತ್ತದ್ದು ಹೋದರೂ, ತಂದುಕೊಟ್ಟವರಿಗೆ ಬೆಲ್ಲ ಕೊಡಬೇಕು ಎಂಬುದು ಅವರ ಬೆರಳುಗಳಿಂದ ಹೋಗಿಲ್ಲ. ಆ ಗಂಟಿಗೆ ಬೆಲ್ಲ ತುಂಬಿಸಿಡುವವಳು ನಾನು. ನಾನೇ ಇಟ್ಟ ಬೆಲ್ಲ, ಆದರೂ ಅಷ್ಟು ಸಿಹಿಯಾದದ್ದನ್ನು ನಾನು ಬೇರೆಲ್ಲೂ ತಿಂದಿಲ್ಲ.

ತಂದುಕೊಟ್ಟ ಆ ನೆನಪು ಅವರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿನ್ನೆ ಕಸ್ತೂರೆವ್ವ ಹೊಸ ಜಂಪರು ಹಾಕಿ ನೋಡಲು ಬಂದಿದ್ದಳು. ನಾನು ಅವಳ ಎಡಭುಜಕ್ಕೆ ಪಿನ್ನು ಚುಚ್ಚುತ್ತಿದ್ದೆ, ಯಾರೂ ನೆನಪು ಮಾಡಿಕೊಡದೆಯೇ. ಅತ್ತೆ ಮಣೆಯ ಮೇಲೆ ಬಟ್ಟೆಯ ಚೂರು ಬೇರೆ ಮಾಡುತ್ತಿದ್ದವರು ತಲೆಯೆತ್ತಿ, ಪರಊರಿನ ಹೆಣ್ಣುಮಗಳನ್ನು ನೋಡಿದ ಹಾಗೆ ನನ್ನನ್ನು ನೋಡಿ ಮೆಲ್ಲಗೆ ನಕ್ಕರು. ನನಗೆ ಸೀನು ಬಂತು, ಪಿನ್ನು ಕೈಯಿಂದ ಬಿತ್ತು.

"ಏನ ಬಂತು ನೀಲಾ?" ಎಂದಳು ಕಸ್ತೂರೆವ್ವ.

"ನಾನ ಬಂದೀನಿ," ಎಂದೆ.